ಕಾಯಿಪಲ್ಲೆ ಕಸದಿಂದ ಗ್ಯಾಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಕೊಪ್ಪಳ, ಸಿಂಧನೂರು, ಬಳ್ಳಾರಿ ಕಡೆಯ ರೈತರು, ಖಾನಾವಳಿಯವರು, ಹಾಸ್ಟೆಲ್ ವಾರ್ಡನ್‌ಗಳು, ಮಾರ್ಕೆಟ್ ವ್ಯಾಪಾರಿಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ. ಆದಷ್ಟೂ ಅವರ ಮಾತಿನಲ್ಲೇ ಇವೆ. ಬಯೋಗ್ಯಾಸ್ ಪ್ಲಾಂಟ್ ಈಗಾಗಲೇ ಇದ್ದು ತೊಂದರೆ ಕೊಡುತ್ತಿದ್ದರೆ ಸೀದಾ ಮೂರನೇ ಭಾಗಕ್ಕೆ ಹೋಗಿ.

## ಮೊದಲಿಗೆ

ಗೋಬರ್ ಗ್ಯಾಸ್ ಅಂದ್ರೆ ಸಗಣಿಯಿಂದ ಬರೋದು. ಕಾಯಿಪಲ್ಲೆ ಕಸದಿಂದ ಹೆಂಗ್ ಬರ್ತೈತ್ರಿ?

ಗ್ಯಾಸ್ ತಯಾರಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಗಾಳಿ ಸೇರದ ಜಾಗದಲ್ಲಿ ಹಸಿ ಕಸ ಸಿಕ್ಕರೆ ಅವು ಅದನ್ನು ಹಂತ ಹಂತವಾಗಿ ಒಡೆಯುತ್ತವೆ. ಮೊದಲು ಹಿಟ್ಟು, ನಾರು, ಪ್ರೋಟೀನ್ ಎಲ್ಲ ಕರಗಿ ಸಕ್ಕರೆಯಂಥ ಸಣ್ಣ ವಸ್ತುಗಳಾಗುತ್ತವೆ. ಅವು ಹುಳಿತು ಆಮ್ಲಗಳಾಗುತ್ತವೆ. ಆ ಆಮ್ಲಗಳಿಂದ ಅಸಿಟಿಕ್ ಆಮ್ಲ, ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಬರುತ್ತವೆ. ಕೊನೆಯ ಗುಂಪಿನ ಜೀವಿಗಳು ಇವನ್ನು ತಿಂದು ಮೀಥೇನ್ ಬಿಡುತ್ತವೆ. ಒಲೆಯಲ್ಲಿ ಉರಿಯುವುದು ಈ ಮೀಥೇನ್. ಹೊರಬರುವ ಗ್ಯಾಸ್‌ನಲ್ಲಿ ಇದು ನೂರಕ್ಕೆ 55ರಿಂದ 65 ಭಾಗ ಇರುತ್ತದೆ. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಜೊತೆಗೆ ನೀರಿನ ಆವಿ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ.

ದನದ ಹೊಟ್ಟೆಯಲ್ಲಿ ಈ ಜೀವಿಗಳು ಮೊದಲೇ ಇರುತ್ತವೆ, ಹಾಗಾಗಿ ಸಗಣಿ ತನ್ನಿಂದ ತಾನೇ ಗ್ಯಾಸ್ ಕೊಡುತ್ತದೆ. ಕಾಯಿಪಲ್ಲೆಗೆ ಮಾತ್ರ ಹೊರಗಿಂದ ಸೇರಿಸಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ ಹೆಪ್ಪು ಅಂದರೆ ಸಗಣಿ, ಇಲ್ಲವೇ ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಪ್ಲಾಂಟಿನ ಬಗ್ಗಡ, ಅಂದರೆ ತೊಟ್ಟಿಯಿಂದ ಹೊರಬರುವ ತೆಳು ರಾಡಿ (ಸ್ಲರಿ).

ಸಗಣಿಗಿಂತ ಜಾಸ್ತಿ ಗ್ಯಾಸ್ ಬರುತ್ತಾ, ಕಮ್ಮಿನಾ?

ಕೆಜಿಗೆ ಕೆಜಿ ಲೆಕ್ಕ ಹಾಕಿದರೆ ಜಾಸ್ತಿ. ಹಸಿ ಸಗಣಿ ಒಂದು ಕೆಜಿಗೆ 35ರಿಂದ 40 ಲೀಟರ್ ಗ್ಯಾಸ್ ಬರುತ್ತದೆ. ಕಾಯಿಪಲ್ಲೆ ಕಸದಿಂದ 50-60 ಲೀಟರ್ ಅಂತ ಹಿಡಿಯಿರಿ. ಉಳಿದ ಅನ್ನ, ಚಪಾತಿ, ಮುದ್ದೆ ಇನ್ನೂ ಜಾಸ್ತಿ ಕೊಡುತ್ತವೆ, ಯಾಕಂದರೆ ಅವುಗಳಲ್ಲಿ ನೀರು ಕಡಿಮೆ. ಸೊಪ್ಪು, ಟೊಮೆಟೊ, ಸೋರೆಕಾಯಿಯಲ್ಲಿ ನೂರಕ್ಕೆ 90 ಭಾಗ ನೀರೇ. ಆದರೆ ಸಗಣಿ ಪ್ಲಾಂಟ್ ಎರಡು ದಿನ ಮರೆತರೂ ನಡೆಯುತ್ತದೆ. ಕಾಯಿಪಲ್ಲೆ ಪ್ಲಾಂಟಿಗೆ ದಿನಾ ಒಂದು ಕಣ್ಣು ಬೇಕು.

ಏನೇನು ಹಾಕಬಹುದು, ಏನು ಹಾಕಬಾರದು?

ಕೊಳೆತ ಟೊಮೆಟೊ, ಬದನೆಕಾಯಿ, ಕೋಸಿನ ಹೊರ ಎಲೆ, ಸೊಪ್ಪಿನ ದಂಟು, ಹೂಕೋಸಿನ ಎಲೆ, ಬಾಳೆಹಣ್ಣಿನ ಸಿಪ್ಪೆ, ಅನ್ನ, ಗಂಜಿ, ಸಾರು ಎಲ್ಲ ನಡೆಯುತ್ತವೆ. ಸಣ್ಣಗೆ ಕೊಚ್ಚಿದಷ್ಟೂ ಒಳ್ಳೆಯದು. ಬೆರಳ ಗೆಣ್ಣಿಗಿಂತ ದೊಡ್ಡ ತುಂಡು ಬೇಡ.

ಉಳ್ಳಾಗಡ್ಡಿಯ ಒಣ ಸಿಪ್ಪೆ ಬೇಗ ಕರಗುವುದಿಲ್ಲ, ಮೇಲೆ ತೇಲುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಜಾಸ್ತಿಯಾದರೆ ಗ್ಯಾಸ್‌ನಲ್ಲಿ ಗಂಧಕದ ವಾಸನೆಯೂ ಜಾಸ್ತಿ. ನಿಂಬೆ, ಮೋಸಂಬಿ ಸಿಪ್ಪೆಯ ಎಣ್ಣೆ ಸೂಕ್ಷ್ಮಜೀವಿಗಳಿಗೆ ಆಗಿಬರುವುದಿಲ್ಲ. ಜ್ಯೂಸ್ ಅಂಗಡಿ ಕಸ ತರುವವರು ಇದನ್ನು ನೆನಪಿಡಬೇಕು. ಕುಷ್ಟಗಿ ಕಡೆಯವರು ದಾಳಿಂಬೆ ಸಿಪ್ಪೆ ಬಗ್ಗೆ ಕೇಳುತ್ತಾರೆ. ಅದರ ಒಗರಿಗೆ ಕಾರಣ ಟ್ಯಾನಿನ್, ಅದೂ ಮೀಥೇನ್ ಮಾಡುವ ಜೀವಿಗಳನ್ನು ತಡೆಯುತ್ತದೆ. ಒಡೆದ ಹಣ್ಣು ಸ್ವಲ್ಪ ಸ್ವಲ್ಪ ಹಾಕಿ, ಬರೀ ಸಿಪ್ಪೆಯ ರಾಶಿ ಬೇಡ.

ಎಲುಬು, ತೆಂಗಿನ ಚಿಪ್ಪು, ನಾರು, ಫಿನೈಲ್ ನೀರು, ಪಾತ್ರೆ ತೊಳೆದ ಸೋಪಿನ ನೀರು, ಉಪ್ಪಿನಕಾಯಿ ಬೇಡವೇ ಬೇಡ. ಹಿಂದಿನ ದಿನ ಔಷಧಿ ಹೊಡೆದ ಮೆಣಸಿನ ಗಿಡವೂ ಬೇಡ. ನಿಜವಾದ ತಲೆನೋವು ಅಂದರೆ ಸೊಪ್ಪಿನ ಕಟ್ಟಿನ ಪ್ಲಾಸ್ಟಿಕ್ ದಾರ ಮತ್ತು ಬೇರಿಗೆ ಅಂಟಿದ ಮಣ್ಣು. ದಾರ ಪೈಪಿಗೆ ಸುತ್ತಿಕೊಳ್ಳುತ್ತದೆ, ಮಣ್ಣು ತಳದಲ್ಲಿ ಕೂತು ವರ್ಷದಿಂದ ವರ್ಷಕ್ಕೆ ತೊಟ್ಟಿಯ ಜಾಗ ತಿನ್ನುತ್ತದೆ.

ಮನೇಲಿ ನಾಕು ಮಂದಿ. ದಿನದ ಸಿಪ್ಪೆಯಿಂದ ಅಡಿಗಿ ಆಗ್ತದೇನ್ರಿ?

ಆಗುವುದಿಲ್ಲ. ಸಣ್ಣ ಸಂಸಾರದಲ್ಲಿ ದಿನಕ್ಕೆ ಒಂದು ಕೆಜಿ ಸಿಪ್ಪೆ ಬಿದ್ದರೆ ಹೆಚ್ಚು. ಅದರಿಂದ 50-60 ಲೀಟರ್ ಗ್ಯಾಸ್. ಒಂದು ಬರ್ನರ್ ಗಂಟೆಗೆ 400-450 ಲೀಟರ್ ಎಳೆಯುತ್ತದೆ. ಅಂದರೆ ಏಳೆಂಟು ನಿಮಿಷದ ಉರಿ. ಎರಡು ಲೋಟ ಚಹಾ ಆಗಬಹುದು. ಜೋಳದ ರೊಟ್ಟಿ ಬಡಿಯುವ ಮನೆಗೆ ಅದು ಯಾವ ಲೆಕ್ಕಕ್ಕೂ ಇಲ್ಲ.

ನಾಲ್ಕೈದು ಜನರ ಅಡುಗೆಗೆ ದಿನಕ್ಕೆ ಒಂದರಿಂದ ಒಂದೂವರೆ ಘನ ಮೀಟರ್ (ಒಂದು ಘನ ಮೀಟರ್ ಅಂದರೆ 1000 ಲೀಟರ್) ಗ್ಯಾಸ್ ಬೇಕು. ಮನೆಯಲ್ಲಿ ಎರಡು ದನ ಇದ್ದರೆ ಸುಮಾರು 20 ಕೆಜಿ ಸಗಣಿ, ಅದರಿಂದ ಮುಕ್ಕಾಲು ಘನ ಮೀಟರ್ ಬರುತ್ತದೆ. ಅದಕ್ಕೆ ಅಡುಗೆಮನೆ ಕಸ, ತೋಟದಲ್ಲಿ ಉಳಿದ ಕಾಯಿ ಸೇರಿಸಿದರೆ ಮನೆ ನಡೆಯುತ್ತದೆ. ದನವೂ ಇಲ್ಲ, ತೋಟವೂ ಇಲ್ಲ ಅಂದರೆ ಊರಿನ ಮನೆಗೆ ಈ ಖರ್ಚು ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ಎರೆಹುಳು ಗೊಬ್ಬರ ಮಾಡಿದ್ರೆ ಸಾಕಲ್ವಾ? ಇಷ್ಟೆಲ್ಲ ಯಾಕೆ?

ಕಸ ಕಡಿಮೆ ಇದ್ದರೆ, ಒಣ ಎಲೆ ಜಾಸ್ತಿ ಇದ್ದರೆ, ಅದೇ ಸರಿ. ನೀರು ತುಂಬಿದ ಕಸ ದಿನಾ ಬುಟ್ಟಿಗಟ್ಟಲೆ ಬರುವ ಕಡೆ ಕಾಂಪೋಸ್ಟ್ ಗುಂಡಿ ಕೊಚ್ಚೆಯಾಗುತ್ತದೆ, ನೊಣ ಮುತ್ತುತ್ತವೆ. ಅಂಥ ಕಡೆ ಬಯೋಗ್ಯಾಸ್ ವಾಸಿ. ಉರುವಲೂ ಸಿಗುತ್ತದೆ, ಗೊಬ್ಬರವೂ ಉಳಿಯುತ್ತದೆ.

## ಕಟ್ಟುವ ಮುಂಚೆ

ನಮ್ಮದು ಖಾನಾವಳಿ. ದಿನಾ 50 ಕೆಜಿ ಕಸ ಬೀಳುತ್ತೆ. ಎಷ್ಟು ದೊಡ್ಡ ಪ್ಲಾಂಟ್ ಬೇಕು, ಎಷ್ಟು ಸಿಲಿಂಡರ್ ಉಳಿಯುತ್ತೆ?

ಮೊದಲು ಒಂದು ವಾರ ತೂಕ ಹಾಕಿ ನೋಡಿ. ಕಣ್ಣಂದಾಜಿನ 50 ಕೆಜಿ ತಕ್ಕಡಿಯಲ್ಲಿ 30 ಆಗುವುದು ಮಾಮೂಲು. ಬುಟ್ಟಿ ದೊಡ್ಡದಾಗಿ ಕಾಣುತ್ತದೆ, ಒಳಗೆ ಕೋಸಿನ ಎಲೆಯೇ ಇರುತ್ತದೆ.

ನಿಜಕ್ಕೂ 50 ಕೆಜಿ ಇದೆ ಅಂತ ಇಟ್ಟುಕೊಳ್ಳೋಣ. ದಿನಕ್ಕೆ ಎರಡೂವರೆಯಿಂದ ಮೂರು ಘನ ಮೀಟರ್ ಗ್ಯಾಸ್. ಒಂದು ಘನ ಮೀಟರ್ ಬಯೋಗ್ಯಾಸ್ ಸುಮಾರು 0.45 ಕೆಜಿ ಎಲ್‌ಪಿಜಿಗೆ ಸಮ. ತಿಂಗಳಿಗೆ 35-40 ಕೆಜಿ ಎಲ್‌ಪಿಜಿ ಆಯಿತು. ಅಂಗಡಿಗೆ ಬರುವ 19 ಕೆಜಿ ಸಿಲಿಂಡರ್ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು. ಇಂದಿನ ಸಿಲಿಂಡರ್ ದರವನ್ನು ಎರಡರಿಂದ ಗುಣಿಸಿ, ಪ್ಲಾಂಟಿನ ಕೊಟೇಶನ್ ಪಕ್ಕದಲ್ಲಿಟ್ಟು ನೋಡಿ. ಕಸ ಎತ್ತಿಸಲು ಈಗ ಯಾರಿಗಾದರೂ ದುಡ್ಡು ಕೊಡುತ್ತಿದ್ದರೆ ಅದನ್ನೂ ಸೇರಿಸಿ. ಕಸ ಬೇರೆ ಮಾಡಿ, ಕೊಚ್ಚಿ ಹಾಕುವ ಆಳಿನ ಕೂಲಿಯನ್ನು ಕಳೆಯಿರಿ. ಈ ಕೂಲಿಯನ್ನು ಮಾರುವವರು ಯಾರೂ ಹೇಳುವುದಿಲ್ಲ.

ತೊಟ್ಟಿಯ ಗಾತ್ರ ಹೀಗೆ: 50 ಕೆಜಿ ಕಸಕ್ಕೆ ಅಷ್ಟೇ ನೀರು ಸೇರಿ ದಿನಕ್ಕೆ 100 ಲೀಟರ್. ಅದು ಒಳಗೆ 40 ದಿನ ಇರಬೇಕು. 4000 ಲೀಟರ್ ತೊಟ್ಟಿ ಬೇಕು, ಗ್ಯಾಸ್ ನಿಲ್ಲುವ ಜಾಗ ಬೇರೆ. ನಮ್ಮ ಕಡೆಯ ಸೆಕೆಗೆ 30 ದಿನ ಸಾಕು ಅಂತ ಕೆಲವರು ಸಣ್ಣ ತೊಟ್ಟಿ ಕೊಡುತ್ತಾರೆ. ಹೊಸಬರಿಗೆ ಅದು ಬೇಡ. ದೊಡ್ಡ ತೊಟ್ಟಿ ಇದ್ದರೆ ಕೈ ಸ್ವಲ್ಪ ಆಚೀಚೆ ಆದರೂ ಸಹಿಸಿಕೊಳ್ಳುತ್ತದೆ.

ಗುಮ್ಮಟದ್ದು ಒಳ್ಳೇದಾ, ಡ್ರಮ್ಮಿಂದಾ, ಬಲೂನಾ?

ನೆಲದೊಳಗೆ ಇಟ್ಟಿಗೆ ಗುಮ್ಮಟ ಕಟ್ಟುವ ದೀನಬಂಧು ಮಾದರಿ 1984ರಲ್ಲಿ ಬಂತು. ಕಬ್ಬಿಣ ಇಲ್ಲ, ತುಕ್ಕಿನ ಚಿಂತೆ ಇಲ್ಲ, ಚೆನ್ನಾಗಿ ಕಟ್ಟಿದರೆ ಇಪ್ಪತ್ತು ವರ್ಷ ಬಾಳುತ್ತದೆ. ಆದರೆ ಪಳಗಿದ ಗೌಂಡಿ ಬೇಕು. ಗುಮ್ಮಟದಲ್ಲಿ ಕೂದಲೆಳೆ ಬಿರುಕು ಬಿಟ್ಟರೂ ಗ್ಯಾಸ್ ನಿಲ್ಲುವುದಿಲ್ಲ. ಇದು ಸಗಣಿಗೆ ಹೇಳಿ ಮಾಡಿಸಿದ್ದು. ಬರೀ ಕಾಯಿಪಲ್ಲೆ ಹಾಕಿದರೆ ಮೇಲೆ ಕೆನೆಗಟ್ಟಿದ್ದನ್ನು ಒಡೆಯುವುದು ಕಷ್ಟ.

ಖಾದಿ ಗ್ರಾಮೋದ್ಯೋಗ ಆಯೋಗದ ತೇಲುವ ಡ್ರಮ್ ಮಾದರಿಯಲ್ಲಿ ಎಷ್ಟು ಗ್ಯಾಸ್ ಇದೆ ಅನ್ನುವುದು ಡ್ರಮ್ ಏರಿದ್ದರಲ್ಲೇ ಕಾಣುತ್ತದೆ. ಡ್ರಮ್ ತಿರುಗಿಸಿದರೆ ಕೆನೆಯೂ ಒಡೆಯುತ್ತದೆ. ಹೋಟೆಲ್, ಹಾಸ್ಟೆಲ್‌ಗೆ ನನಗೆ ಇದೇ ಇಷ್ಟ. ಫೈಬರ್ ಡ್ರಮ್ ಆದರೆ ವರ್ಷ ವರ್ಷ ಬಣ್ಣ ಬಳಿಯುವ ಕೆಲಸವೂ ಇಲ್ಲ. ಅಡುಗೆಮನೆ ಕಸಕ್ಕೆಂದೇ ಎರಡು ನೀರಿನ ಟ್ಯಾಂಕ್ ಒಂದರೊಳಗೊಂದು ಇಟ್ಟು ಮಾಡುವ ಪುಟ್ಟ ಮಾದರಿಯನ್ನು ಪುಣೆಯ ಡಾ. ಆನಂದ ಕರ್ವೆ ಅವರ ಸಂಸ್ಥೆ ರೂಪಿಸಿತು. ಅದಕ್ಕೆ 2006ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು.

ಬಲೂನು, ಅಂದರೆ ದಪ್ಪ ಹಾಳೆಯ ಚೀಲದಂಥ ಪ್ಲಾಂಟ್, ಅಗ್ಗ, ಒಂದೇ ದಿನದಲ್ಲಿ ಕೂರಿಸಬಹುದು. ಆದರೆ ಬಿಸಿಲು, ಇಲಿ, ಬಳ್ಳಾರಿ ಜಾಲಿಯ ಮುಳ್ಳು ಮೂರೂ ಅದಕ್ಕೆ ವೈರಿಗಳು. ಮೇಲೆ ನೆರಳು, ಸುತ್ತ ಬೇಲಿ ಇಲ್ಲದೆ ಹಾಕಬೇಡಿ. ಬೇಲಿಗೆ ಜಾಲಿ ಮುಳ್ಳು ಬಳಸಬೇಡಿ ಅಂತ ಬೇರೆ ಹೇಳಬೇಕಿಲ್ಲ ತಾನೇ.

ನಮ್ಮದು ಎರಿ ಭೂಮಿ. ಕಟ್ಟಿದ್ ತೊಟ್ಟಿ ಒಡೀತದ ಅಂತಾರ, ಖರೇನಾ?

ಖರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ತೊಟ್ಟಿಯ ಗೋಡೆಯನ್ನು ಒಂದು ಕಡೆ ತಳ್ಳಿ ಇನ್ನೊಂದು ಕಡೆ ಬಿಡುತ್ತದೆ. ಇಟ್ಟಿಗೆ ಕೆಲಸ ಅದನ್ನು ತಡೆಯುವುದಿಲ್ಲ. ಹೊಲದಲ್ಲಿ ಮಸಾರಿ (ಕೆಂಪು ಮಣ್ಣಿನ) ತುಂಡು ಇದ್ದರೆ ಅಲ್ಲೇ ಕಟ್ಟಿ. ಇಲ್ಲದಿದ್ದರೆ ಗುಂಡಿಯನ್ನು ಅಗಲವಾಗಿ ತೋಡಿ ಗಟ್ಟಿ ನೆಲ ಸಿಗುವವರೆಗೆ ಎರೆ ತೆಗೆಯಿರಿ. ತಳಕ್ಕೆ ಕಾಂಕ್ರೀಟ್ ಹಾಕಿ. ಗೋಡೆಯ ಸುತ್ತ ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಕುಟ್ಟಿ. ತೆಗೆದ ಎರೆ ಮಣ್ಣನ್ನು ವಾಪಸ್ ತುಂಬುವುದು ದೊಡ್ಡ ತಪ್ಪು. ಇಷ್ಟು ಖರ್ಚು ಆಗದು ಅಂದರೆ ನೆಲದ ಮೇಲಿಡುವ ಫೈಬರ್ ಟ್ಯಾಂಕ್ ನೋಡಿ.

ಕುಡಿಯೋ ನೀರಿಗೇ ತತ್ವಾರ. ಇದಕ್ಕೆಲ್ಲಿಂದ ನೀರು ತರೋದು?

ಕಾಯಿಪಲ್ಲೆಯಲ್ಲೇ ನೀರಿದೆ, ಸಗಣಿಯಷ್ಟು ಹೊಸ ನೀರು ಬೇಕಿಲ್ಲ. ಅಕ್ಕಿ ತೊಳೆದ ನೀರು, ಕಾಯಿ ತೊಳೆದ ನೀರು ಬಳಸಿ. ಹೊರಬಂದ ಬಗ್ಗಡವನ್ನು ಸೋಸಿ, ತಿಳಿಯನ್ನು ಅರ್ಧದಷ್ಟು ಮತ್ತೆ ಒಳಗೆ ಹಾಕಬಹುದು. ಅದರಲ್ಲಿ ಜೀವಿಗಳೂ ಇರುತ್ತವೆ. ಪೂರ್ತಿ ಅದನ್ನೇ ತಿರುಗಿಸಬೇಡಿ, ಅಮೋನಿಯಾ ಮತ್ತು ಉಪ್ಪು ಒಳಗೇ ಕೂಡಿಕೊಳ್ಳುತ್ತವೆ. ರಾಯಚೂರು ಕಡೆ ಕೆಲವು ಬೋರ್‌ಗಳಲ್ಲಿ ಸೌಳು ನೀರು ಬರುತ್ತದೆ. ಅಂಥ ಕಡೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು.

ಸಬ್ಸಿಡಿ ಎಲ್ಲಿ ಕೇಳಬೇಕು?

ಸಣ್ಣ ಪ್ಲಾಂಟಿಗೆ, ಅಂದರೆ ದಿನಕ್ಕೆ 1ರಿಂದ 25 ಘನ ಮೀಟರ್ ಗ್ಯಾಸ್ ಕೊಡುವವಕ್ಕೆ, ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಬಯೋಗ್ಯಾಸ್ ಕಾರ್ಯಕ್ರಮ ಇದೆ. ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದಲ್ಲಿ, ಸಗಣಿ-ಹಸಿ ಕಸದಿಂದ ಗ್ಯಾಸ್ ಮಾಡಿಸುವ ಗೋಬರ್‌ಧನ್ ಯೋಜನೆಯ ಅಡಿ ಸಮುದಾಯ ಪ್ಲಾಂಟ್‌ಗಳಿಗೆ ಜಿಲ್ಲೆಗೆ 50 ಲಕ್ಷ ರೂಪಾಯಿವರೆಗೆ ಅವಕಾಶ ಕೊಟ್ಟಿದ್ದಾರೆ. ಎರಡಕ್ಕೂ ಮೊದಲು ಜಿಲ್ಲಾ ಪಂಚಾಯಿತಿಯಲ್ಲಿ ವಿಚಾರಿಸಿ. ಮೊತ್ತ, ಷರತ್ತು ಬದಲಾಗುತ್ತಿರುತ್ತವೆ, ಚಾಲ್ತಿಯಲ್ಲಿರುವ ಆದೇಶದ ಪ್ರತಿ ಕೇಳಿ. ಮಂಜೂರಾತಿ ಕೈಗೆ ಬರುವ ಮೊದಲು ಗುಂಡಿ ತೋಡಬೇಡಿ. ತಾಂತ್ರಿಕ ಸಲಹೆ ಬೇಕಾದರೆ ಗಂಗಾವತಿ, ಹಗರಿ, ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಗಳನ್ನು ಕೇಳಬಹುದು.

## ನಡೆಸುವಾಗ

ಪ್ಲಾಂಟ್ ಕಟ್ಟಿ ಆಯ್ತು. ಮೊದಲ ದಿನದಿಂದಲೇ ಕಾಯಿಪಲ್ಲೆ ಹಾಕಬಹುದಾ?

ಬೇಡ. ಮೊದಲು ತೊಟ್ಟಿಗೆ ಹಸಿ ಸಗಣಿ ಮತ್ತು ನೀರು ಸಮಸಮ ಕಲಸಿ ತುಂಬಿ. ಹತ್ತಿರದಲ್ಲಿ ನಡೆಯುವ ಪ್ಲಾಂಟ್ ಇದ್ದರೆ ನಾಲ್ಕಾರು ಕೊಡ ಬಗ್ಗಡ ತಂದು ಸೇರಿಸಿ. ಬೇಸಿಗೆಯಲ್ಲಿ ಎರಡು ವಾರಕ್ಕೆ, ಚಳಿಯಲ್ಲಿ ಮೂರ್ನಾಲ್ಕು ವಾರಕ್ಕೆ ಗ್ಯಾಸ್ ಏಳುತ್ತದೆ. ಮೊದಲು ಬಂದ ಗ್ಯಾಸ್ ಹತ್ತುವುದಿಲ್ಲ, ಅದರಲ್ಲಿ ಗಾಳಿಯೂ ಇಂಗಾಲದ ಡೈಆಕ್ಸೈಡೂ ಜಾಸ್ತಿ. ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು ಅದನ್ನು ಬಯಲಿಗೆ ಬಿಟ್ಟುಬಿಡಿ.

ನೀಲಿ ಉರಿ ನಿಂತ ಮೇಲೆ ಕಾಯಿಪಲ್ಲೆ ಶುರು. ಮೊದಲ ವಾರ ಕಾಲು ಭಾಗ, ಮುಂದಿನ ವಾರ ಅರ್ಧ, ಹೀಗೆ ತಿಂಗಳಲ್ಲಿ ಪೂರ್ತಿ ಅಳತೆಗೆ ಬನ್ನಿ. ಆಮೇಲೂ ವಾರಕ್ಕೊಮ್ಮೆ ಎರಡು ಬುಟ್ಟಿ ಸಗಣಿ ಬೀಳುತ್ತಿರಲಿ. ಮೀಥೇನ್ ಮಾಡುವ ಜೀವಿಗಳಿಗೆ ಬೇಕಾದ ನಿಕಲ್, ಕೋಬಾಲ್ಟ್‌ನಂಥ ಲೋಹಗಳು ಚಿಟಿಕೆಯಷ್ಟಾದರೂ ಸಗಣಿಯಿಂದ ಸಿಗುತ್ತವೆ.

ಡ್ರಮ್ ತುಂಬಾ ಗ್ಯಾಸ್ ಐತಿ, ಹಚ್ಚಿದ್ರ ಹತ್ತಂಗಿಲ್ಲ. ಯಾಕ್ರಿ?

ಪ್ಲಾಂಟ್ ನಡೆಸುವವರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸುಮಾರು ಸಲ ಉತ್ತರ ಒಂದೇ: ತೊಟ್ಟಿ ಹುಳಿಯಾಗಿದೆ.

ಹುಳಿ ಮಾಡುವ ಜೀವಿಗಳು ಚುರುಕು. ಮೀಥೇನ್ ಮಾಡುವವು ನಿಧಾನ, ಅವುಗಳ ಸಂಖ್ಯೆ ಇಮ್ಮಡಿಯಾಗಲು ದಿನಗಳೇ ಬೇಕು. ಕಾಯಿಪಲ್ಲೆಯಲ್ಲಿ ಸಕ್ಕರೆ ಜಾಸ್ತಿ, ನಾರು ಕಡಿಮೆ. ಒಂದೇ ಸಲ ಬುಟ್ಟಿಗಟ್ಟಲೆ ಹಾಕಿದರೆ ಒಂದೆರಡು ದಿನದಲ್ಲಿ ಆಮ್ಲ ತುಂಬಿಕೊಳ್ಳುತ್ತದೆ. ಅದನ್ನು ತಿಂದು ಮುಗಿಸಲು ಎರಡನೇ ಗುಂಪಿಗೆ ಆಗುವುದಿಲ್ಲ. ಹುಳಿ ಏರಿದಷ್ಟೂ ಅವು ಇನ್ನೂ ಮಂಕಾಗುತ್ತವೆ. ಆಗಲೂ ಗ್ಯಾಸ್ ಬರುತ್ತಿರುತ್ತದೆ, ಆದರೆ ಅದು ಇಂಗಾಲದ ಡೈಆಕ್ಸೈಡ್. ಡ್ರಮ್ ಏರಿದ್ದು ನೋಡಿ ಎಲ್ಲ ಸರಿ ಇದೆ ಅಂತ ಇನ್ನಷ್ಟು ಕಸ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು.

ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಪಿಎಚ್ ಕಾಗದ ಸಿಗುತ್ತದೆ, ಒಂದು ಪುಸ್ತಕ ತಂದಿಡಿ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬಗ್ಗಡ 6.8ರಿಂದ 7.5ರೊಳಗೆ ಇರಬೇಕು. 6.5ಕ್ಕೆ ಇಳಿದರೆ ಅಪಾಯ. ಕಾಗದಕ್ಕಿಂತ ಮೊದಲು ಮೂಗು ಹೇಳುತ್ತದೆ: ಚುರುಕು ಹುಳಿ ವಾಸನೆ, ನೊರೆ, ಬಣ್ಣ ಸಪ್ಪೆಯಾಗುವುದು.

ಮಾಡಬೇಕಾದ್ದು ಇಷ್ಟು. ಕಸ ಹಾಕುವುದನ್ನು ಪೂರ್ತಿ ನಿಲ್ಲಿಸಿ. ದಿನಾ ಒಂದೆರಡು ಬುಟ್ಟಿ ಹಸಿ ಸಗಣಿ ಕಲಸಿ ಹಾಕಿ, ತೊಟ್ಟಿ ಕದಡಿ. ಪಿಎಚ್ ತೀರಾ ಇಳಿದಿದ್ದರೆ 4000 ಲೀಟರ್ ತೊಟ್ಟಿಗೆ ಒಂದೆರಡು ಕೆಜಿ ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ, ಎರಡು ಮೂರು ದಿನಕ್ಕೆ ಹಂಚಿ ಹಾಕಿ. ಸುಣ್ಣವೂ ಆಗುತ್ತದೆ, ತಿಳಿನೀರು ಮಾತ್ರ, ಸ್ವಲ್ಪ ಸ್ವಲ್ಪ. ಸುಣ್ಣ ಒಮ್ಮೆಲೇ ಸುರಿದರೆ ಅದು ಮೇಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಒಳಗೆ ಒತ್ತಡ ಕುಸಿಯುತ್ತದೆ, ಗುಮ್ಮಟದ ಪ್ಲಾಂಟಿಗೆ ಇದು ಒಳ್ಳೆಯದಲ್ಲ. ಒಂದೆರಡು ವಾರ ಹಿಡಿಯಬಹುದು. ಉರಿ ನೀಲಿಯಾದ ಮೇಲೆ ಮತ್ತೆ ಕಾಲು ಭಾಗದಿಂದ ಶುರು ಮಾಡಿ.

ಇನ್ನೊಂದು ಸಣ್ಣ ಕಾರಣವೂ ಇರಬಹುದು. ಬರ್ನರಿನ ತೂತು ಕಟ್ಟಿದೆಯಾ ಅಂತ ಮೊದಲು ನೋಡಿಬಿಡಿ.

ಜಾತ್ರಿ ದಾಸೋಹದಾಗ ರಾಶಿ ರಾಶಿ ಕಸ ಬರ್ತೈತಿ. ಎಲ್ಲಾ ಒಮ್ಮೆಲೇ ಹಾಕಬಹುದಾ?

ಕೊಪ್ಪಳದ ಗವಿಮಠದ ಜಾತ್ರೆ, ಹುಲಿಗಿಯ ಜಾತ್ರೆಯಂಥ ದೊಡ್ಡ ದಾಸೋಹ ನೋಡಿದವರೇ ಇದನ್ನು ಕೇಳುತ್ತಾರೆ. ದಿನದ ಅಳತೆಗಿಂತ ನೂರಕ್ಕೆ 20ರಷ್ಟು ಜಾಸ್ತಿ ಹಾಕಿದರೆ ನಡೆದೀತು, ಅದಕ್ಕಿಂತ ಮೇಲೆ ಬೇಡ. ಉಳಿದದ್ದನ್ನು ಕೊಚ್ಚಿ, ಗಾಳಿ ಆಡದಂತೆ ಮುಚ್ಚಳದ ಡ್ರಮ್ಮಿನಲ್ಲಿ ಒತ್ತಿ ಇಡಿ. ಹುಳಿಯಾದರೂ ಕೆಡುವುದಿಲ್ಲ. ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಹಾಕಬಹುದು. ವರ್ಷಕ್ಕೊಮ್ಮೆ ಬರುವ ಕಸಕ್ಕೆ ದೊಡ್ಡ ಪ್ಲಾಂಟ್ ಕಟ್ಟಿದರೆ ಉಳಿದ ಹನ್ನೊಂದು ತಿಂಗಳು ಅದು ಉಪವಾಸ.

ಬೇಸಿಗೆಯಲ್ಲಿ ಗ್ಯಾಸ್ ಜಾಸ್ತಿ, ಡಿಸೆಂಬರ್‌ನಲ್ಲಿ ಅರ್ಧಕ್ಕೆ ಇಳೀತು. ಪ್ಲಾಂಟ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಈ ಜೀವಿಗಳಿಗೆ 35 ಡಿಗ್ರಿ ಆಸುಪಾಸು ಹಿತ. 20ರ ಕೆಳಗೆ ಕೆಲಸ ತೀರಾ ನಿಧಾನ. ಗ್ಯಾಸ್ ಕಡಿಮೆಯಾದಾಗ ಕಸ ಜಾಸ್ತಿ ಹಾಕುವುದು ತಪ್ಪು, ಕಡಿಮೆ ಮಾಡಿ. ಮಧ್ಯಾಹ್ನ ಬಿಸಿಲಲ್ಲಿ ಕಾದ ನೀರಿನಲ್ಲಿ ಕಲಸಿ ಹಾಕಿ. ನೆಲದ ಮೇಲಿನ ಟ್ಯಾಂಕಿಗೆ ಭತ್ತದ ಹುಲ್ಲಿನ ಹೊದಿಕೆ ಕಟ್ಟಿ. ಏಪ್ರಿಲ್-ಮೇನಲ್ಲಿ ಅದೇ ಟ್ಯಾಂಕಿಗೆ ನೆರಳು ಬೇಕು. ಒಳಗೆ 42-45 ದಾಟಿದರೆ ಜೀವಿಗಳು ಸೊರಗುತ್ತವೆ.

ಮನೇಲಿರೋ ಸಿಲಿಂಡರ್ ಒಲೆಗೇ ಪೈಪ್ ಕೊಡಬಹುದಾ?

ಹಾಗೇ ಕೊಟ್ಟರೆ ಉರಿ ಹಾರಿ ಹೋಗುತ್ತದೆ. ಎಲ್‌ಪಿಜಿ ಉರಿಯಲು ಅದರ ಸುಮಾರು 25 ಪಟ್ಟು ಗಾಳಿ ಬೇಕು, ಬಯೋಗ್ಯಾಸ್‌ಗೆ 6 ಪಟ್ಟು ಸಾಕು. ಒತ್ತಡವೂ ಕಡಿಮೆ. ಗ್ಯಾಸ್ ಬರುವ ತೂತು ದೊಡ್ಡದಿರಬೇಕು, ಗಾಳಿಯ ಕಿಂಡಿ ಸಣ್ಣದಿರಬೇಕು. ಬಯೋಗ್ಯಾಸ್ ಒಲೆ ಬೇರೆಯೇ ಸಿಗುತ್ತದೆ, ಅದನ್ನೇ ತನ್ನಿ.

ಒಲೆ ಉರೀತಾ ಉರೀತಾ ಬುಳುಬುಳು ಅಂತ ಆರುತ್ತೆ.

ಪೈಪಿನಲ್ಲಿ ನೀರು ನಿಂತಿದೆ. ಗ್ಯಾಸ್ ಜೊತೆ ಬಂದ ಆವಿ ತಣಿದು ನೀರಾಗುತ್ತದೆ. ಪೈಪ್ ಎಲ್ಲೂ ಜೋಲದಂತೆ ಒಂದೇ ಇಳಿಜಾರಿನಲ್ಲಿರಲಿ, ಕೆಳ ತುದಿಯಲ್ಲಿ ನೀರು ಬಸಿಯುವ ನಲ್ಲಿ ಇರಲಿ.

ತಳದಾಗ ಹೂಳು ತುಂಬೈತಿ. ಒಳಗ ಇಳಿದು ತಗೀಬಹುದಾ?

ಇಳಿಯಬೇಡಿ. ಖಾಲಿ ಕಂಡರೂ ಇಳಿಯಬೇಡಿ. ಒಳಗೆ ಉಸಿರಾಡಲು ಗಾಳಿ ಇರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಇದ್ದರೆ ಮೂಗಿಗೆ ವಾಸನೆಯೇ ಗೊತ್ತಾಗದಂತೆ ಮಾಡಿ ಕ್ಷಣದಲ್ಲಿ ಬೀಳಿಸುತ್ತದೆ. ಇಂಥ ಸಾವುಗಳಲ್ಲಿ ಕಾಪಾಡಲು ಇಳಿದ ಎರಡನೆಯವರೂ ಹೋಗುತ್ತಾರೆ. ಹೂಳನ್ನು ಮೇಲಿಂದಲೇ ಸ್ಲರಿ ಪಂಪ್ ಇಟ್ಟು ತೆಗೆಸಿ.

ಸೋರಿಕೆ ನೋಡಲು ಕಡ್ಡಿ ಗೀರಬೇಡಿ, ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಭಾಗ ಸೇರಿದರೆ ಒಂದು ಕಿಡಿ ಸಾಕು. ಅಡುಗೆಮನೆಯ ಕಿಟಕಿ ತೆರೆದೇ ಇರಲಿ.

ಹೊರಗೆ ಬರೋ ಬಗ್ಗಡ ಹೊಲಕ್ಕೆ ಬಿಟ್ರೆ ಬೆಳೆ ಸುಡುತ್ತಾ?

ಹಾಗೇ ಬುಡಕ್ಕೆ ಸುರಿದರೆ ಎಳೆ ಗಿಡ ಬಾಡಬಹುದು. ನೀರಿನ ಜೊತೆ ಬಿಡಿ, ಇಲ್ಲವೇ ಉಳುಮೆಗೆ ಮೊದಲು ಹಾಕಿ ಮಣ್ಣಿನಲ್ಲಿ ಸೇರಿಸಿ. ಕಸದಲ್ಲಿದ್ದ ಸಾರಜನಕ ಗ್ಯಾಸ್ ಆಗಿ ಹೋಗುವುದಿಲ್ಲ, ಬಗ್ಗಡದಲ್ಲೇ ಉಳಿಯುತ್ತದೆ. ಅದರ ದೊಡ್ಡ ಪಾಲು ಬೆಳೆ ಬೇಗ ಎಳೆದುಕೊಳ್ಳುವ ಅಮೋನಿಯಂ ರೂಪದಲ್ಲಿರುತ್ತದೆ. ಬಿಸಿಲಿಗೆ ಒಣಗಿಸಿದರೆ ಅದು ಗಾಳಿಗೆ ಹಾರಿ ಹೋಗುತ್ತದೆ. ನಮ್ಮಲ್ಲಿ ಒಣಗಿಸಿ ಇಡುವವರೇ ಜಾಸ್ತಿ. ಸಾಗಿಸಲು ಸುಲಭ ನಿಜ, ಆದರೆ ಸಾರ ಅರ್ಧ ಹೋಗಿರುತ್ತದೆ. ಒಣಗಿಸಲೇಬೇಕಾದರೆ ಹೊಟ್ಟು, ಕಸಕಡ್ಡಿಗೆ ಹೀರಿಸಿ ಕಾಂಪೋಸ್ಟ್ ಮಾಡಿ.

ಸಾಮಾನ್ಯ ತೊಟ್ಟಿಯ ಬಿಸಿಗೆ ಎಲ್ಲ ರೋಗಾಣುಗಳೂ ಸಾಯುವುದಿಲ್ಲ. ಹಸಿಯಾಗಿ ತಿನ್ನುವ ಸೌತೆ, ಮೂಲಂಗಿ, ಕೊತ್ತಂಬರಿಗೆ ಹಸಿ ಬಗ್ಗಡ ಹಾಕಬೇಡಿ.

## ದೊಡ್ಡ ಮಟ್ಟದಲ್ಲಿ

ಉಳಿದ ಗ್ಯಾಸ್ ಖಾಲಿ ಸಿಲಿಂಡರ್‌ಗೆ ತುಂಬಿ ಮಾರಬಹುದಾ?

ಬೇಡ, ಅದು ಅಪಾಯ, ಕಾನೂನಿಗೂ ವಿರುದ್ಧ. ಎಲ್‌ಪಿಜಿ ಸ್ವಲ್ಪ ಒತ್ತಿದರೆ ದ್ರವವಾಗುತ್ತದೆ, ಆದ್ದರಿಂದ 14.2 ಕೆಜಿ ಒಂದು ಸಿಲಿಂಡರಿನಲ್ಲಿ ಹಿಡಿಯುತ್ತದೆ. ಮೀಥೇನ್ ಸೊನ್ನೆಗಿಂತ 82 ಡಿಗ್ರಿ ಕೆಳಗೆ ತಣಿಸದೆ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಅದನ್ನು 200 ಬಾರ್‌ಗಿಂತ ಹೆಚ್ಚು ಒತ್ತಡದಲ್ಲಿ ಬೇರೆಯೇ ಗಟ್ಟಿ ಸಿಲಿಂಡರಿಗೆ ತುಂಬಬೇಕು. ಅದಕ್ಕೆ ಸ್ಫೋಟಕ ಸುರಕ್ಷತಾ ಇಲಾಖೆಯ ಪರವಾನಗಿ ಬೇಕು. ಉಳಿದದ್ದನ್ನು ಪಕ್ಕದ ಮನೆಗೆ ಪೈಪಿನಲ್ಲಿ ಕೊಡಿ.

ಎಪಿಎಂಸಿ ಕಸದಿಂದ ಕರೆಂಟ್ ತೆಗೀಬಹುದಾ? ಎಲ್ಲಾದ್ರೂ ಆಗಿದೆಯಾ?

ಆಗಿದೆ, ನಮ್ಮ ಪಕ್ಕದಲ್ಲೇ. ಹೈದರಾಬಾದಿನ ಬೋವೆನ್‌ಪಲ್ಲಿ ತರಕಾರಿ ಮಾರುಕಟ್ಟೆಯಲ್ಲಿ ದಿನಕ್ಕೆ ಸುಮಾರು 10 ಟನ್ ಕಸದಿಂದ 500 ಯೂನಿಟ್ ವಿದ್ಯುತ್ ತೆಗೆಯುತ್ತಾರೆ ಅಂತ 2021ರ ಜನವರಿ 31ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಹೇಳಿದ್ದರು. ತಂತ್ರಜ್ಞಾನ ಅಲ್ಲಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯದು. ನಮ್ಮ ರಾಜ್ಯದಲ್ಲೇ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಿಂದ ಸಗಣಿ ಗ್ಯಾಸ್‌ನಿಂದ ಎಂಜಿನ್ ಓಡಿಸಿ ನೀರು, ದೀಪ ಕೊಟ್ಟಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರ ಕೆಲಸ ಅದು.

ಒಂದು ಘನ ಮೀಟರ್ ಗ್ಯಾಸ್‌ಗೆ ಒಂದೂವರೆಯಿಂದ ಎರಡು ಯೂನಿಟ್. ಅಡುಗೆಗೆ ಗಿರಾಕಿ ಇದ್ದರೆ ಕರೆಂಟ್ ಮಾಡಬೇಡಿ. ಎಂಜಿನ್ನಿನಲ್ಲಿ ಶಕ್ತಿಯ ಮುಕ್ಕಾಲು ಪಾಲು ಶಾಖವಾಗಿ ಹೋಗುತ್ತದೆ.

ಗಾಡಿಗೆ ಹಾಕೋ ಗ್ಯಾಸ್ ಮಾಡೋಕೆ ಎಷ್ಟು ಕಸ ಬೇಕು?

ಗಾಡಿಗೆ ಹಾಕಬೇಕಾದರೆ ಇಂಗಾಲದ ಡೈಆಕ್ಸೈಡ್, ಗಂಧಕ, ನೀರು ತೆಗೆದು ಮೀಥೇನ್ ನೂರಕ್ಕೆ 90ಕ್ಕಿಂತ ಮೇಲೆ ತರಬೇಕು. ಐಎಸ್ 16087 ಅನ್ನುವ ಮಾನದಂಡ ಇದೆ. 2018ರ ಅಕ್ಟೋಬರ್‌ನಲ್ಲಿ ಶುರುವಾದ ಸತತ್ ಯೋಜನೆಯಲ್ಲಿ ತೈಲ ಕಂಪನಿಗಳು ಇದನ್ನು ಕೊಳ್ಳುತ್ತವೆ.

ಕಾಯಿಪಲ್ಲೆ ಕಸ ಹತ್ತು ಟನ್ ಇದ್ದರೆ ದಿನಕ್ಕೆ ಸುಮಾರು 200 ಕೆಜಿ ಶುದ್ಧ ಗ್ಯಾಸ್. ಅಂದರೆ ಟನ್ನಿಗೆ 20 ಕೆಜಿ. 2022ರ ಫೆಬ್ರುವರಿಯಲ್ಲಿ ಶುರುವಾದ ಇಂದೋರ್ ಪ್ಲಾಂಟಿನ ಅಳತೆ 550 ಟನ್ ಕಸಕ್ಕೆ ಸುಮಾರು 17 ಟನ್ ಗ್ಯಾಸ್, ಟನ್ನಿಗೆ 30 ಕೆಜಿ. ಅಲ್ಲಿ ಮನೆಮನೆಯ ಹಸಿ ಕಸ ಬರುತ್ತದೆ, ಅನ್ನ-ರೊಟ್ಟಿ ಸೇರಿರುತ್ತದೆ, ನೀರು ಕಡಿಮೆ. ಇನ್ನೂ ಮುಖ್ಯ ಅಂದರೆ ಜನ ಕಸವನ್ನು ಬೇರೆ ಮಾಡಿಯೇ ಕೊಡುತ್ತಾರೆ. ನಮ್ಮ ಊರುಗಳಲ್ಲಿ ಮೊದಲು ಆಗಬೇಕಾದ್ದು ಅದು. ಯಂತ್ರ ಆಮೇಲೆ ತರಬಹುದು.

ಗಂಗಾವತಿ, ಸಿಂಧನೂರು ಕಡೆ ಭತ್ತದ ಹುಲ್ಲು ಸುಡ್ತಾರೆ. ಅದನ್ನ ಸೇರಿಸಬಹುದಾ?

ಸೇರಿಸಬಹುದು, ಒಳ್ಳೆಯ ಜೋಡಿ ಕೂಡ. ಹುಲ್ಲಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಡಿಮೆ. ಕಾಯಿಪಲ್ಲೆಯಲ್ಲಿ ಸಾರಜನಕ ಸಾಕಷ್ಟಿದೆ. ಎರಡೂ ಸೇರಿದರೆ ಜೀವಿಗಳಿಗೆ ಬೇಕಾದ ಅಳತೆ, ಅಂದರೆ 20ರಿಂದ 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ, ಹೊಂದುತ್ತದೆ, ಹುಳಿಯೂ ನಿಧಾನವಾಗುತ್ತದೆ. ತೊಂದರೆ ಅಂದರೆ ಹುಲ್ಲನ್ನು ಗಟ್ಟಿ ಮಾಡುವ ಲಿಗ್ನಿನ್ ಮತ್ತು ಮರಳಿನಂಥ ಸಿಲಿಕಾ. ಹುಲ್ಲು ಬೇಗ ಕರಗುವುದಿಲ್ಲ, ತೇಲಿ ಚಾಪೆಗಟ್ಟುತ್ತದೆ. ಸಣ್ಣ ಪ್ಲಾಂಟಿನಲ್ಲಿ ಉದ್ದ ಹುಲ್ಲು ಹಾಕಲೇಬೇಡಿ. ಮೇವು ಕತ್ತರಿಸುವ ಯಂತ್ರದಲ್ಲಿ ಸಣ್ಣಗೆ ಮಾಡಿ, ಬಗ್ಗಡದ ತಿಳಿಯಲ್ಲಿ ಎರಡು ಮೂರು ದಿನ ನೆನೆಸಿ, ಹತ್ತರಲ್ಲಿ ಒಂದು ಪಾಲಿನಷ್ಟು ಸೇರಿಸಿ. ಪಂಜಾಬಿನ ಲೆಹ್ರಾಗಾಗಾದಲ್ಲಿ 2022ರಲ್ಲಿ ಶುರುವಾದ ಪ್ಲಾಂಟ್ ಭತ್ತದ ಹುಲ್ಲಿನಿಂದಲೇ ನಡೆಯುವಂಥದ್ದು, ಅಳತೆ ದಿನಕ್ಕೆ 33 ಟನ್ ಗ್ಯಾಸ್. ಅಷ್ಟು ದೊಡ್ಡದಕ್ಕೆ ಹುಲ್ಲು ಕಟ್ಟುವ ಯಂತ್ರ, ವರ್ಷವಿಡೀ ಕೂಡಿಡುವ ಜಾಗ ಎಲ್ಲ ಬೇಕು.

ಬರೀ ಕಾಯಿಪಲ್ಲೆ ಹಾಕೋಕೆ ಎರಡು ತೊಟ್ಟಿ ಇರಬೇಕು ಅಂತಾರೆ. ಯಾಕೆ?

ಹುಳಿ ಮಾಡುವವರನ್ನು ಒಂದು ತೊಟ್ಟಿಯಲ್ಲಿ, ಮೀಥೇನ್ ಮಾಡುವವರನ್ನು ಇನ್ನೊಂದರಲ್ಲಿ ಇಟ್ಟರೆ ಜಗಳವಿಲ್ಲ. ಮೊದಲ ತೊಟ್ಟಿ ಎರಡು ಮೂರು ದಿನದ್ದು, ಅಲ್ಲಿ ಪಿಎಚ್ 5.5ಕ್ಕೆ ಇಳಿದರೂ ಚಿಂತೆ ಇಲ್ಲ. ಹುಳಿ ರಸವನ್ನು ಅಳತೆ ಮಾಡಿ ಎರಡನೇ ತೊಟ್ಟಿಗೆ ಬಿಡಬೇಕು. ಭಾಭಾ ಅಣು ಸಂಶೋಧನಾ ಕೇಂದ್ರದ ನಿಸರ್ಗಋಣ ಮಾದರಿಯಲ್ಲೂ ಎರಡು ತೊಟ್ಟಿ ಇವೆ. ಆದರೆ ಅಲ್ಲಿ ಮೊದಲನೆಯದಕ್ಕೆ ಗಾಳಿ ಮತ್ತು ಬಿಸಿನೀರು ಕೊಡುತ್ತಾರೆ.

ದಿನಕ್ಕೆ ಅರ್ಧ ಟನ್ನಿಗಿಂತ ಕಡಿಮೆ ಕಸ ಇದ್ದರೆ ಈ ಖರ್ಚು ಬೇಡ. ಸಗಣಿ ಸೇರಿಸುವುದು ಅಗ್ಗದ ದಾರಿ. ದೊಡ್ಡ ಪ್ಲಾಂಟ್ ನಡೆಸುವವರು ಪಿಎಚ್ ಒಂದನ್ನೇ ನಂಬಬಾರದು, ಅದು ಇಳಿಯುವ ಹೊತ್ತಿಗೆ ತಡವಾಗಿರುತ್ತದೆ. ಆಮ್ಲ ಮತ್ತು ಕ್ಷಾರದ ಅನುಪಾತವನ್ನು ವಾರಕ್ಕೆರಡು ಸಲ ಲ್ಯಾಬಿನಲ್ಲಿ ನೋಡಿಸಿ. 0.3ರ ಒಳಗಿದ್ದರೆ ನಿಶ್ಚಿಂತೆ. 0.4 ದಾಟಿದರೆ ಅಂದೇ ಕಸ ಕಡಿಮೆ ಮಾಡಿ.

ರಜೆಯಲ್ಲಿ ಹಾಸ್ಟೆಲ್ ಖಾಲಿ. ಗ್ಯಾಸ್ ಸುಮ್ನೆ ಗಾಳಿಗೆ ಬಿಟ್ರೆ ಏನಾಗುತ್ತೆ?

ಉರಿಸದೆ ಬಿಟ್ಟ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿ ಬಿಸಿ ಮಾಡುತ್ತದೆ. ಕಸವನ್ನು ಕಾಂಪೋಸ್ಟ್ ಮಾಡಿದ್ದರೇ ವಾಸಿ ಇತ್ತು ಅನ್ನುವ ಹಾಗಾಗುತ್ತದೆ. ರಜೆ ಶುರುವಾಗುವ ಹತ್ತು ದಿನ ಮೊದಲೇ ಕಸ ಕಡಿಮೆ ಮಾಡುತ್ತಾ ಬನ್ನಿ. ಆಮೇಲೆ ಬರುವ ಸ್ವಲ್ಪ ಗ್ಯಾಸನ್ನು ಕಾವಲುಗಾರರು ನೀರು ಕಾಯಿಸಲು ಬಳಸಲಿ. ಯಾರೂ ಇಲ್ಲದಿದ್ದರೆ ಬಯಲಲ್ಲಿ ಬರ್ನರ್ ಇಟ್ಟು ಉರಿಸಿಬಿಡಿ. ರಜೆಯಲ್ಲಿ ವಾರಕ್ಕೊಂದು ಬುಟ್ಟಿ ಸಗಣಿ ಬಿದ್ದರೆ ಜೀವಿಗಳು ಉಳಿಯುತ್ತವೆ. ಮಕ್ಕಳು ಬಂದ ಮೇಲೆ ಕಾಲು ಭಾಗ ಕಸದಿಂದ ಮತ್ತೆ ಶುರು ಮಾಡಬಹುದು.